ಚಾರ್ಲ್‌ಸ್ಟನ್‌ಗೆ ಹೋಗೋಣ್ವಾ, ಸವಾನಾಕ್ಕಾ?

ನಾವಿರುವುದು ನಾರ್ತ್ ಕೆರೊಲಿನಾದ ಶಾರ್ಲಟ್‌ನಲ್ಲಿ. ಊರಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಆರು ತಿಂಗಳಿಗೆಂದು ಬಂದರೆ ಸಾಕು, ಇಲ್ಲಿನ ಕನ್ನಡದ ಮನೆಗಳಲ್ಲಿ ಗಂಡ-ಹೆಂಡತಿ ಇಬ್ಬರೇ ಎಲ್ಲಾದರೂ ಹೋಗಿಬರುವ ಯೋಚನೆ ಶುರುವಾಗುತ್ತದೆ. ಮಕ್ಕಳನ್ನು ನೋಡಿಕೊಳ್ಳಲು ಜನ ಸಿಕ್ಕಿರುತ್ತಾರಲ್ಲ. ಆಗ ನನಗೆ ಫೋನ್ ಬರುತ್ತದೆ: “ಅಕ್ಕಾ, ನೀವು, ಭಾವ ಆ ಕಡೆ ಜಾಸ್ತಿ ಓಡಾಡ್ತೀರಲ್ವಾ? ನಾಲ್ಕು ದಿನ ಸಿಕ್ಕಿದೆ. ಚಾರ್ಲ್‌ಸ್ಟನ್‌ಗೆ ಹೋಗೋಣ್ವಾ, ಸವಾನಾಕ್ಕಾ?”

ಎರಡೂ ಕರಾವಳಿಯ ಹಳೇ ಊರುಗಳು, ಚಾರ್ಲ್‌ಸ್ಟನ್ ಸೌತ್ ಕೆರೊಲಿನಾದ್ದು, ಸವಾನಾ ಜಾರ್ಜಿಯಾದ್ದು. ಎರಡಕ್ಕೂ ಹೋಗಿ. ಆದರೆ ಚಾರ್ಲ್‌ಸ್ಟನ್ ಮೊದಲು, ದಾರಿಯಲ್ಲಿ ಬ್ಯೂಫರ್ಟ್, ಕೊನೆಗೆ ಸವಾನಾ. ಈ ಕ್ರಮವನ್ನು ಹಿಂದೆಮುಂದೆ ಮಾಡಬೇಡಿ ಅಂತ ನಾನು ಹಟ ಹಿಡಿಯುವುದೇಕೆ ಎಂದು ಫೋನಿನಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಚಾರ್ಲ್‌ಸ್ಟನ್ ಅಂದರೆ ಎಲ್ಲರಿಗೂ ನೆನಪಾಗುವುದು ರೇನ್‌ಬೋ ರೋ. ಈಸ್ಟ್ ಬೇ ಸ್ಟ್ರೀಟಿನಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತ 13 ಮನೆಗಳು. ಗುಲಾಬಿ, ಹಳದಿ, ತಿಳಿನೀಲಿ ಬಣ್ಣ. ಆನಿವರ್ಸರಿ ಫೋಟೊಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ತೆಗೆಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಮೊದಲ ದಿನ ಬೆಳಿಗ್ಗೆ ಎದ್ದು ಅಲ್ಲಿಗೆ ಓಡಬೇಡಿ. ಮೊದಲು ಕೂಪರ್ ನದಿಯ ದಡದ ಗ್ಯಾಡ್ಸ್‌ಡೆನ್ಸ್ ವಾರ್ಫ್‌ಗೆ ಹೋಗಿ.

ಅದು ಹಳೆಯ ಧಕ್ಕೆ. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಜನರನ್ನು ಇಳಿಸುತ್ತಿದ್ದ ಜಾಗ. ಉತ್ತರ ಅಮೆರಿಕಕ್ಕೆ ಗುಲಾಮರಾಗಿ ಬಂದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಚಾರ್ಲ್‌ಸ್ಟನ್ ಬಂದರಿನಿಂದಲೇ ಬಂದರು ಎಂಬ ಅಂದಾಜಿದೆ. ಆ ಧಕ್ಕೆ ಇದ್ದಲ್ಲಿ ಈಗ ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ಇದೆ. 2023ರ ಜೂನ್‌ನಲ್ಲಿ ತೆರೆದದ್ದು. ಇಡೀ ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಕೆಳಗಿನ ನೆಲವನ್ನು ಖಾಲಿ ಬಿಟ್ಟಿದ್ದಾರೆ. ಅಲ್ಲಿ ತೆಳ್ಳಗೆ ನೀರು ಹರಡಿಕೊಂಡ ಒಂದು ಕೊಳ. ನೀರು ಇಳಿದಾಗ ನೆಲದ ಮೇಲೆ ಮನುಷ್ಯರ ಆಕಾರಗಳು ಕಾಣುತ್ತವೆ. ಹಡಗಿನ ತಳದಲ್ಲಿ ಹೇಗೆ ಒಬ್ಬರ ಪಕ್ಕ ಒಬ್ಬರನ್ನು ಒತ್ತಿ ಮಲಗಿಸುತ್ತಿದ್ದರೋ ಹಾಗೆಯೇ, ಸಾಲು ಸಾಲಾಗಿ. ಈ ಕೆಳಗಿನ ತೋಟಕ್ಕೆ ಟಿಕೆಟ್ ಬೇಡ. ಒಳಗೆ ಹೋಗಲು ಮಾತ್ರ ಮೊದಲೇ ಬುಕ್ ಮಾಡಿಕೊಳ್ಳಿ, ಅರ್ಧ ದಿನ ಇಟ್ಟುಕೊಳ್ಳಿ.

“ರಜೆಗೆ ಹೋಗ್ತಿರೋದು, ಇದೆಲ್ಲ ನೋಡಿ ಮನಸ್ಸು ಭಾರ ಮಾಡ್ಕೋಬೇಕಾ?” ಅಂತ ಒಬ್ಬಳು ತಂಗಿ ಕೇಳಿದ್ದಳು. ನನಗೆ ಅನ್ನಿಸುವುದು ಇಷ್ಟೇ. ಆ ಊರಿನ ಪ್ರತಿ ಚಂದದ ಮನೆಯ ಹಿಂದೆಯೂ ಈ ಕಥೆ ಇದೆ. ಅದು ಗೊತ್ತಿಲ್ಲದೆ ಸುತ್ತಿದರೆ ಬಣ್ಣದ ಗೋಡೆ ಕಾಣುತ್ತದೆ, ಊರು ಕಾಣುವುದಿಲ್ಲ.

ಅದೂ ಅಲ್ಲದೆ, ಅನ್ನ ತಿನ್ನುವ ನಾವು ಈ ಕಥೆಗೆ ಅಷ್ಟೇನೂ ಹೊರಗಿನವರಲ್ಲ. ಚಾರ್ಲ್‌ಸ್ಟನ್ ಶ್ರೀಮಂತವಾದದ್ದು ಭತ್ತದಿಂದ. ಕೆರೊಲಿನಾ ಗೋಲ್ಡ್ ಅಂತ ಒಂದು ತಳಿ. ಕರಾವಳಿಯ ನದಿಗಳಲ್ಲಿ ಉಬ್ಬರ ಬಂದಾಗ ಸಮುದ್ರ ಸಿಹಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಆ ನೀರನ್ನು ಮರದ ತೂಬು ಎತ್ತಿ ಗದ್ದೆಗೆ ಬಿಟ್ಟುಕೊಳ್ಳುವುದು, ಇಳಿತದಲ್ಲಿ ಹೊರಗೆ ಹರಿಸುವುದು. ನಾನು ಕುಮಟಾದವಳು. ಅಘನಾಶಿನಿ ದಡದ ಗಜನಿ ಗದ್ದೆಗಳನ್ನು ನೋಡಿಕೊಂಡೇ ಬೆಳೆದವಳು. ನಮ್ಮ ಗಜನಿಗೆ ಉಪ್ಪುನೀರೇ ನುಗ್ಗುತ್ತದೆ, ಅದಕ್ಕೆ ತಡೆದುಕೊಳ್ಳುವ ಕಗ್ಗ ಭತ್ತ ಹಾಕುತ್ತಾರೆ. ಇಲ್ಲಿಯದು ಸಿಹಿನೀರಿನ ಲೆಕ್ಕ. ಆದರೆ ಸಮುದ್ರದ ಏರಿಳಿತ ನೋಡಿ ಕಟ್ಟೆ, ತೂಬು ಕಾಯುವ ಕೆಲಸ ಎರಡೂ ಕಡೆ ಒಂದೇ. ಇದನ್ನೆಲ್ಲ ಕೆಸರಿನಲ್ಲಿ ನಿಂತು ಕಟ್ಟಿದವರು, ಮಲೇರಿಯಾದಲ್ಲಿ ಸತ್ತವರು ಆಫ್ರಿಕಾದ ಜನ. ಪಶ್ಚಿಮ ಆಫ್ರಿಕಾದ ಭತ್ತದ ನಾಡಿನಿಂದ ಬಂದವರಿಗೆ ಬೆಳೆಯುವ ವಿದ್ಯೆ ಗೊತ್ತಿತ್ತು. ಜಮೀನುದಾರರಿಗೆ ಅದು ಚೆನ್ನಾಗಿ ತಿಳಿದಿತ್ತು. ಅಂಥವರಿಗೆ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಿದ್ದರು.

ಇಷ್ಟು ತಿಳಿದ ಮೇಲೆ ಊರು ಸುತ್ತಲು ಹೊರಡಿ. ಹಳೆಯ ಇಟ್ಟಿಗೆ ಗೋಡೆಗಳ ಹತ್ತಿರ ಹೋಗಿ ನೋಡಿ. ಕೆಲವು ಇಟ್ಟಿಗೆಗಳ ಮೇಲೆ ಬೆರಳು ಒತ್ತಿದ ಗುಳಿಗಳಿವೆ. ಹಸಿ ಇಟ್ಟಿಗೆಯನ್ನು ಅಚ್ಚಿನಿಂದ ತೆಗೆದು ಬಿಸಿಲಿಗೆ ಇಟ್ಟ ಕೈಗಳ ಗುರುತು. ಆ ಕೆಲಸಕ್ಕೆ ಮಕ್ಕಳನ್ನೂ ಹಚ್ಚುತ್ತಿದ್ದರು. ಒಂದು ಗುಳಿಗೆ ನನ್ನ ಕಿರುಬೆರಳೂ ಹಿಡಿಸಲಿಲ್ಲ. ನಮ್ಮನೆಯವರು ಅದನ್ನು ನೋಡಿದ ಮೇಲೆ ಎರಡು ಬೀದಿ ದಾಟುವವರೆಗೂ ಮಾತಾಡಲಿಲ್ಲ. ಚಾಮರ್ಸ್ ಸ್ಟ್ರೀಟಿನಲ್ಲಿ, ಉರುಟು ಕಲ್ಲು ಹಾಸಿದ ರಸ್ತೆಯಲ್ಲಿ, ಓಲ್ಡ್ ಸ್ಲೇವ್ ಮಾರ್ಟ್ ಇದೆ. 1859ರ ಕಟ್ಟಡ, ಒಳಗೆ ಜನರನ್ನು ಹರಾಜು ಹಾಕುತ್ತಿದ್ದರು. ಈಗ ಪುಟ್ಟ ಮ್ಯೂಸಿಯಂ. ಈ ವ್ಯಾಪಾರದಲ್ಲಿ ತನ್ನ ಪಾಲಿಗಾಗಿ ಚಾರ್ಲ್‌ಸ್ಟನ್ ನಗರಸಭೆ ಕ್ಷಮೆ ಕೇಳಿದ್ದು 2018ರಲ್ಲಿ.

ಸಿಟಿ ಮಾರ್ಕೆಟ್‌ನಲ್ಲಿ ಸ್ವೀಟ್‌ಗ್ರಾಸ್ ಬುಟ್ಟಿ ಹೆಣೆಯುವ ಹೆಂಗಸರು ಸಿಗುತ್ತಾರೆ. ಗಲ್ಲಾ ಗೀಚಿ ಸಮುದಾಯದವರು, ಅದೇ ಭತ್ತದ ಗದ್ದೆಗಳಲ್ಲಿ ದುಡಿದವರ ವಂಶದವರು. ಹುಲ್ಲನ್ನು ಹಗ್ಗದ ಹಾಗೆ ಸುತ್ತಿಸುತ್ತಿ, ಪಾಮೆಟೊ ಗರಿಯ ಸೀಳಿನಿಂದ ಹೊಲಿಯುತ್ತಾ ಹೋಗುತ್ತಾರೆ. ತೂತು ಮಾಡಲು ಬಳಸುವುದು ಹಳೇ ಚಮಚದ ಹಿಡಿ. ತುದಿಯನ್ನು ಉಜ್ಜಿ ಚಪ್ಪಟೆ ಮಾಡಿಕೊಂಡಿರುತ್ತಾರೆ. ಅಗಲವಾದ, ಅಂಚು ಗಿಡ್ಡವಾದ ಒಂದು ಬುಟ್ಟಿ ತೋರಿಸಿ ಇದ್ಯಾತಕ್ಕೆ ಅಂತ ಕೇಳಿದೆ. ಆಕೆ ಎರಡೂ ಕೈಯಲ್ಲಿ ಹಿಡಿದು ಗಾಳಿಯಲ್ಲಿ ಕೇರಿ ತೋರಿಸಿದರು. ಮೊರ! ಬೆಲೆ ಜಾಸ್ತಿ, ದೊಡ್ಡದಕ್ಕೆ ನೂರಾರು ಡಾಲರ್. ದಯವಿಟ್ಟು ಚೌಕಾಶಿ ಮಾಡಬೇಡಿ. ಒಂದೊಂದಕ್ಕೂ ಎಷ್ಟೋ ದಿನದ ಕೈಕೆಲಸ ಹಿಡಿಯುತ್ತದೆ. ಕೊಳ್ಳಲು ಆಗದಿದ್ದರೆ ಪುಟ್ಟ ಹೂವೊಂದನ್ನು ತೆಗೆದುಕೊಳ್ಳಿ, ಅದನ್ನೂ ಹೆಣೆದು ಮಾರುತ್ತಾರೆ.

ಸಂಜೆ ಊರಿನ ತುದಿಯಲ್ಲಿ ನೀರಿನಂಚಿಗಿರುವ ಬ್ಯಾಟರಿ ಅನ್ನುವ ಜಾಗದ ಕಡೆ ನಡೆಯಿರಿ. ಬೀದಿಗೆ ಕಿರಿದಾದ ಮುಖ ತೋರಿಸಿ ಒಳಕ್ಕೆ ಉದ್ದವಾಗಿ ಚಾಚಿದ ಮನೆಗಳು, ಗಾಳಿ ಬರಲೆಂದು ಪಕ್ಕಕ್ಕೆ ಮಾಡಿದ ಉದ್ದನೆ ಜಗಲಿ. ಬೀದಿಬಾಗಿಲು ತೆರೆದರೆ ಸಿಗುವುದು ಮನೆಯಲ್ಲ, ಆ ಜಗಲಿಯೇ. ಗೋಡೆಗಳಲ್ಲಿ ಅಲ್ಲಲ್ಲಿ ಕಬ್ಬಿಣದ ಬಿಲ್ಲೆಗಳಿವೆ. 1886ರ ಭೂಕಂಪದ ನಂತರ ಗೋಡೆಗಳನ್ನು ಸರಳಿನಿಂದ ಬಿಗಿದ ಗುರುತು ಅವು. ರೇನ್‌ಬೋ ರೋಗೆ ಈಗ ಹೋಗಿ, ಫೋಟೊ ತೆಗೆಸಿಕೊಳ್ಳಿ.

ಮಾರನೇ ದಿನ ದೋಣಿ ಹತ್ತಿ ಫೋರ್ಟ್ ಸಮ್ಟರ್‌ಗೆ. 1861ರ ಏಪ್ರಿಲ್ 12ರಂದು ಅಮೆರಿಕದ ಅಂತರ್ಯುದ್ಧದ ಮೊದಲ ಗುಂಡು ಹಾರಿದ್ದು ಈ ಕೋಟೆಯ ಮೇಲೆ. ಕೋಟೆಗಿಂತ ನನಗೆ ಇಷ್ಟವಾಗುವುದು ಹೋಗುವ ದಾರಿ, ಯಾಕೆಂದರೆ ಅದೇ ನೀರಿನಲ್ಲಿ ರಾಬರ್ಟ್ ಸ್ಮಾಲ್ಸ್ ಹಡಗು ನಡೆಸಿದ್ದ. ಗುಲಾಮಗಿರಿ ಬಿಡಲೊಲ್ಲದ ದಕ್ಷಿಣದ ರಾಜ್ಯಗಳವರ ಪ್ಲಾಂಟರ್ ಅನ್ನುವ ಹಡಗಿನಲ್ಲಿ ದುಡಿಯುತ್ತಿದ್ದ ಗುಲಾಮ ಅವನು, ವಯಸ್ಸು 23. 1862ರ ಮೇ 13ರ ನಸುಕಿನಲ್ಲಿ, ಬಿಳಿ ಅಧಿಕಾರಿಗಳು ದಡದಲ್ಲಿ ಮಲಗಿದ್ದಾಗ, ಜೊತೆಯವರನ್ನು ಕಟ್ಟಿಕೊಂಡು ಹಡಗು ಬಿಟ್ಟ. ಇನ್ನೊಂದು ಕಡೆ ಕಾಯುತ್ತಿದ್ದ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡ. ಕ್ಯಾಪ್ಟನ್ನನ ಟೋಪಿ ಹಾಕಿಕೊಂಡು, ಅವನಂತೆಯೇ ನಿಂತು, ಸರಿಯಾದ ಸಿಳ್ಳೆಯ ಸಂಕೇತ ಕೊಟ್ಟು ಫೋರ್ಟ್ ಸಮ್ಟರ್‌ನ ತೋಪುಗಳ ಮುಂದೆಯೇ ದಾಟಿಹೋದ. ಅವರ ವಿರುದ್ಧ ಹೋರಾಡುತ್ತಿದ್ದ ಉತ್ತರದವರ ನೌಕೆಗಳು ಕಂಡಾಗ ಬಿಳಿ ಬಟ್ಟೆ ಹಾರಿಸಿದ.

ಬ್ಯೂಫರ್ಟ್ ಬಿಡಬೇಡಿ ಅನ್ನುವುದು ಇವನಿಗಾಗಿ. ಚಾರ್ಲ್‌ಸ್ಟನ್‌ನಿಂದ ಸವಾನಾಕ್ಕೆ ಸುಮಾರು 107 ಮೈಲಿ. ಸ್ವಲ್ಪ ತಿರುಗಿದರೆ ಈ ಚಿಕ್ಕ ಊರು. ಸ್ಮಾಲ್ಸ್ ಹುಟ್ಟಿದ್ದು ಇಲ್ಲಿ, ಯಜಮಾನನ ಮನೆಯ ಹಿಂದಿನ ಗುಡಿಸಲಿನಲ್ಲಿ. ಯುದ್ಧದ ನಂತರ ಅದೇ ಯಜಮಾನನ ಮನೆ ಅವನ ಸ್ವಂತದ್ದಾಯಿತು, ಅಮೆರಿಕದ ಸಂಸತ್ತಿಗೂ ಆರಿಸಿಹೋದ. ಪ್ರಿನ್ಸ್ ಸ್ಟ್ರೀಟಿನ ಆ ಮನೆಯನ್ನು ನಾವು ರಸ್ತೆಯಲ್ಲೇ ನಿಂತು ನೋಡಿದೆವು. ಹತ್ತಿರದ ಸೇಂಟ್ ಹೆಲೆನಾ ದ್ವೀಪದಲ್ಲಿ ಪೆನ್ ಸೆಂಟರ್ ಇದೆ. ಬಿಡುಗಡೆಯಾದ ಜನರಿಗಾಗಿ 1862ರಲ್ಲೇ ಶುರುವಾದ ಶಾಲೆ ಅದು.

ಈಗ ಸವಾನಾ. ಇಷ್ಟೆಲ್ಲ ನೋಡಿದ ಮೇಲೆ ಇಬ್ಬರೂ ಕೂತು ಮಾತಾಡಲು ಜಾಗ ಬೇಕಲ್ವಾ? ಸವಾನಾ ಅದಕ್ಕೇ ಮಾಡಿದ ಊರು. 1733ರಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಊರು ಹಾಕಿದಾಗಲೇ ನಾಲ್ಕು ಹೆಜ್ಜೆಗೊಂದು ಚೌಕ ಬಿಟ್ಟ. ಅಂಥವು ಈಗ 22 ಉಳಿದಿವೆ. ಹೆಚ್ಚಿನವುಗಳಲ್ಲಿ ದೊಡ್ಡ ಓಕ್ ಮರಗಳು, ಅವುಗಳಿಂದ ಜೋತುಬಿದ್ದ ಬೂದುಬಣ್ಣದ ಸ್ಪ್ಯಾನಿಶ್ ಮಾಸ್, ಕೆಳಗೆ ಬೆಂಚು. ನದಿ ಕಡೆಯ ಜಾನ್ಸನ್ ಸ್ಕ್ವೇರ್‌ನಿಂದ ಬುಲ್ ಸ್ಟ್ರೀಟ್ ಹಿಡಿದು ಫೋರ್ಸೈತ್ ಪಾರ್ಕಿನ 1858ರ ಕಾರಂಜಿವರೆಗೆ ನಡೆಯಿರಿ. ಮೈಲಿ ದೂರ, ಐದು ಚೌಕ. ನಾವಿಬ್ಬರೂ ಇದಕ್ಕೆ ಇಡೀ ಮಧ್ಯಾಹ್ನ ತೆಗೆದುಕೊಳ್ಳುತ್ತೇವೆ. ಮನೆಯಲ್ಲಿ ಸಿಗದ ಮಾತು ಅಲ್ಲಿ ಸಿಗುತ್ತದೆ.

ಈ ಊರು ಹೀಗೆ ಉಳಿದದ್ದರ ಹಿಂದೆ ಏಳು ಮಂದಿ ಹೆಂಗಸರಿದ್ದಾರೆ. 1954ರಲ್ಲಿ ಎಲಿಸ್ ಸ್ಕ್ವೇರ್‌ನಲ್ಲಿದ್ದ ಹಳೇ ಮಾರುಕಟ್ಟೆಯನ್ನು ಕೆಡವಿ ಕಾರು ನಿಲ್ಲಿಸುವ ಕಟ್ಟಡ ಕಟ್ಟಿದರು. ಮುಂದಿನ ಸರದಿ ಹಳೇ ಮನೆಯಾದ ಡೇವನ್‌ಪೋರ್ಟ್ ಹೌಸ್‌ನದು ಅಂತ ಗೊತ್ತಾದಾಗ ಇವರು ಸೇರಿ, ದುಡ್ಡು ಕೂಡಿಸಿ ಆ ಮನೆ ಕೊಂಡರು. 1955ರಲ್ಲಿ ಸಂಸ್ಥೆ ಕಟ್ಟಿ ಇನ್ನೂ ನೂರಾರು ಮನೆ ಉಳಿಸಿದರು. ಆ ಪಾರ್ಕಿಂಗ್ ಕಟ್ಟಡವನ್ನೂ ಕೊನೆಗೆ ಕೆಡವಿದರು, ಎಲಿಸ್ ಸ್ಕ್ವೇರ್ ಮತ್ತೆ ಚೌಕವಾಯಿತು.

ಹಾಗಂತ ಸವಾನಾದ ಕೈ ಶುದ್ಧ ಅಂತಲ್ಲ. ಜಾರ್ಜಿಯಾದಲ್ಲಿ ಮೊದಲು ಗುಲಾಮಗಿರಿಗೆ ನಿಷೇಧವಿತ್ತು, 1751ರಲ್ಲಿ ತೆಗೆದುಬಿಟ್ಟರು. ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚಿನ ನೆಲದ ಹಲಗೆಗಳಲ್ಲಿ ಚುಕ್ಕಿಗಳಂತೆ ತೂತುಗಳಿವೆ. ಓಡಿಬಂದವರು ಕೆಳಗೆ ಅಡಗಿರುವಾಗ ಉಸಿರಾಡಲೆಂದು ಮಾಡಿದ್ದು ಎಂದು ಚರ್ಚಿನವರು ಹೇಳುತ್ತಾರೆ. ಗುಲಾಮಗಿರಿಯನ್ನು ಸಮರ್ಥಿಸಿದ ಕ್ಯಾಲ್‌ಹೂನ್ ಹೆಸರಿನಲ್ಲಿದ್ದ ಚೌಕಕ್ಕೆ 2023ರಲ್ಲಿ ಸೂಸಿ ಕಿಂಗ್ ಟೇಲರ್ ಹೆಸರಿಟ್ಟರು. ಓದು ಕಲಿಯುವುದೇ ಅಪರಾಧವಾಗಿದ್ದ ಕಾಲದಲ್ಲಿ ಪುಸ್ತಕವನ್ನು ಕಾಗದದಲ್ಲಿ ಸುತ್ತಿಕೊಂಡು ಗುಟ್ಟಿನ ಶಾಲೆಗೆ ಹೋದ ಹುಡುಗಿ ಅವಳು. ಮುಂದೆ ಸೈನಿಕರಿಗೆ ಅಕ್ಷರ ಕಲಿಸಿದಳು. ಆ ಚೌಕದಲ್ಲಿ ಒಂದು ಗಳಿಗೆ ಕೂತು ಬನ್ನಿ.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ, ಅದರಲ್ಲೂ ಸಸ್ಯಾಹಾರಿಗಳು. ಹಾಪಿನ್ ಜಾನ್ ಅಂದರೆ ಅಲಸಂದೆ ಕಾಳು ಹಾಕಿದ ಅನ್ನ. ಬೆಂಡೆಕಾಯಿ ಎಲ್ಲ ಕಡೆ ಸಿಗುತ್ತದೆ. ಆದರೆ ಕಾಳಿಗೂ ಸೊಪ್ಪಿಗೂ ಹಂದಿಮಾಂಸ ಹಾಕಿ ಬೇಯಿಸುವುದು ಇಲ್ಲಿನ ರೂಢಿ. ಕೇಳದೆ ಏನನ್ನೂ ಬಾಯಿಗೆ ಇಡಬೇಡಿ. ಜೋಳದ ನುಚ್ಚಿನ ಗ್ರಿಟ್ಸ್ ತಿನ್ನಬಹುದು, ಯಾವುದರಲ್ಲಿ ಬೇಯಿಸಿದ್ದು ಅಂತ ಕೇಳಿಕೊಳ್ಳಿ. ದಾರಿಬದಿಯಲ್ಲಿ ಬೇಯಿಸಿದ ಕಡಲೆಕಾಯಿ ಬೋರ್ಡ್ ಕಂಡರೆ ಕಾರು ನಿಲ್ಲಿಸಿ. ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಬೇಯಿಸಿದ್ದು. ಕಡಲೆಕಾಯಿ ಪರಿಷೆ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಜುಲೈ, ಆಗಸ್ಟ್ ಬೇಡ. ಸೆಕೆ ನಮ್ಮ ಕರಾವಳಿಯವರಿಗೂ ತಡೆಯುವುದಿಲ್ಲ, ಮೇಲೆ ಚಂಡಮಾರುತದ ಕಾಲ. ಮಾರ್ಚ್ ಕೊನೆ, ಏಪ್ರಿಲ್ ಚೆನ್ನ. ಮಾರ್ಚ್ 17ರ ಆಸುಪಾಸು ಸವಾನಾದಲ್ಲಿ ಸೇಂಟ್ ಪ್ಯಾಟ್ರಿಕ್ಸ್ ಡೇ ಗದ್ದಲ, ರೂಮಿನ ಬಾಡಿಗೆ ಮುಗಿಲು ಮುಟ್ಟುತ್ತದೆ. ಚಾರ್ಲ್‌ಸ್ಟನ್‌ನಲ್ಲಿ ಕಾರು ನಿಲ್ಲಿಸುವ ಮೊದಲು ಉಬ್ಬರದ ಸಮಯ ನೋಡಿಕೊಳ್ಳಿ. ದೊಡ್ಡ ಉಬ್ಬರ ಇದ್ದ ದಿನ ಮಳೆಯಿಲ್ಲದೆಯೂ ತಗ್ಗಿನ ಬೀದಿಗಳಿಗೆ ನೀರು ಬರುತ್ತದೆ. ಎರಡೂ ಊರಿನ ಹಳೇ ಪೇಟೆಯಲ್ಲಿ ಉಚಿತ ಬಸ್ ಇದೆ.

ಫ್ಲೋರಿಡಾದ ಸೇಂಟ್ ಆಗಸ್ಟಿನ್ ಸೇರಿಸಲಾ ಅಂತ ಕೇಳುವವರಿಗೆ: ಈ ಸಲ ಬೇಡ. ಸವಾನಾದಿಂದ ಇನ್ನೂ ಎರಡೂವರೆ-ಮೂರು ಗಂಟೆ ದಾರಿ. 1565ರಲ್ಲಿ ಸ್ಪೇನಿನವರು ಹಾಕಿದ ಊರು, ಸಮುದ್ರದ ಚಿಪ್ಪುಗಳೇ ಕೂಡಿ ಗಟ್ಟಿಯಾದ ಕಲ್ಲಿನ ಕೋಟೆ. ಅಲ್ಲಿ ವಾರದ ಕೊನೆಯಲ್ಲಿ ತೋಪು ಹಾರಿಸಿ ತೋರಿಸುತ್ತಾರೆ. ಅದನ್ನು ಮಕ್ಕಳನ್ನೂ ಅಜ್ಜ-ಅಜ್ಜಿಯನ್ನೂ ಕರೆದುಕೊಂಡು ಹೋಗುವ ಪ್ರವಾಸಕ್ಕೆ ಇಟ್ಟುಕೊಳ್ಳಿ.