ಸಪ್ತಾಪುರದ ಗೋಡೆಪಟ್ಟಿ: 2003ರವರೆಗೆ ಬಂತು

ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಇಸವಿಗಳು ಬಾಯಿಪಾಠ. ಆದರೆ ಒಂದಕ್ಕೊಂದು ಏನು ಸಂಬಂಧ ಅಂತ ಕೇಳಿದರೆ ಸುಮ್ನಾಗುತ್ತಾರೆ. ಅದಕ್ಕೇ ನಮ್ಮ ಓದುವ ಕೋಣೆಯಲ್ಲಿ ಭಾರತದ ಅಣ್ವಸ್ತ್ರ ನೀತಿಯ ಉದ್ದನೆಯ ಪಟ್ಟಿ ಮಾಡುತ್ತಿದ್ದೇನೆ. ಥರ್ಮೊಕೋಲ್ ಹಲಗೆ, ಅದರ ಮೇಲೆ ಡ್ರಾಯಿಂಗ್ ಶೀಟಿನ ಚೀಟಿಗಳು. ಬಾಂಬಿನ ಕಡೆ ಇಟ್ಟ ಹೆಜ್ಜೆಗೆ ಕೆಂಪು, ಬಾಂಬು ಬೇಡ ಅಂದದ್ದಕ್ಕೆ ಹಸಿರು.

ಶುರುವಿನ ಚೀಟಿಗಳು ಸಲೀಸು. 1954ರ ಮಾರ್ಚ್‌ನಲ್ಲಿ ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿತು, ಅದರ ಬೂದಿ ಜಪಾನಿನ ಮೀನುಗಾರರ ಮೇಲೆ ಬಿತ್ತು. ಏಪ್ರಿಲ್ 2ರಂದು ನೆಹರೂ ಲೋಕಸಭೆಯಲ್ಲಿ ಇಂಥ ಪರೀಕ್ಷೆಗಳನ್ನು ನಿಲ್ಲಿಸಿ ಎಂದರು. ಹಸಿರು. 1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಭಾರತ ಸಹಿ ಹಾಕಿತು. ಅದೂ ಹಸಿರು.

1968ಕ್ಕೆ ಬಂದಾಗ ಗಾಡಿ ನಿಂತಿತು. ಆ ವರ್ಷ ಬಂದ ಎನ್‌ಪಿಟಿಗೆ, ಅಂದರೆ ಅಣ್ವಸ್ತ್ರ ಹರಡದಂತೆ ತಡೆಯುವ ಒಪ್ಪಂದಕ್ಕೆ, ಭಾರತ ಸಹಿ ಹಾಕಲಿಲ್ಲ. ಒಬ್ಬಳು ಕೇಳಿದಳು: "ಅಲ್ರೀ ಅಕ್ಕಾರ, ಬಾಂಬು ಬ್ಯಾಡ ಅಂತಾರ, ಬಾಂಬು ತಡಿಯೋ ಒಪ್ಪಂದಕ್ಕ ಸಹಿ ಮಾಡಂಗಿಲ್ಲ ಅಂತಾರ. ಹೆಂಗ್ರೀ ಇದು?" 1967ರ ಜನವರಿ 1ಕ್ಕಿಂತ ಮೊದಲು ಬಾಂಬ್ ಸಿಡಿಸಿದ ಐದು ದೇಶಗಳನ್ನು ಮಾತ್ರ ಆ ಒಪ್ಪಂದ ಅಣ್ವಸ್ತ್ರ ದೇಶ ಎಂದು ಗುರುತಿಸುತ್ತದೆ. ಉಳಿದವರು ಮಾಡಲೇಬಾರದು. ಅವರಿಗೊಂದು ನ್ಯಾಯ, ನಮಗೊಂದು ನ್ಯಾಯ ಯಾಕೆ ಅನ್ನುವುದು ಭಾರತದ ತಕರಾರು. ಜಗಳ ಮುಗಿಯಲಿಲ್ಲ. ಚೀಟಿಗೆ ಅರ್ಧ ಕೆಂಪು, ಅರ್ಧ ಹಸಿರು ಬಳಿದೆವು.

1974ರ ಪೋಖರಣ್ ಪರೀಕ್ಷೆಯನ್ನು ಸರ್ಕಾರ ಶಾಂತಿಯುತ ಸ್ಫೋಟ ಎಂದಿತ್ತು. ನಾನು ಕೆಂಪೇ ಹಾಕಿದೆ, ಯಾರ ಮಾತೂ ಕೇಳಲಿಲ್ಲ.

ಜನ ಜಾಸ್ತಿ ಹೊತ್ತು ನಿಲ್ಲುವುದು ಅಲ್ಲಿಂದ ಮುಂದೆ. 1988ರ ಜೂನ್ 9ರಂದು ರಾಜೀವ್ ಗಾಂಧಿ ವಿಶ್ವಸಂಸ್ಥೆಯಲ್ಲಿ ಒಂದು ಯೋಜನೆ ಇಟ್ಟರು. ಮೂರು ಹಂತದಲ್ಲಿ, 2010ರೊಳಗೆ, ಜಗತ್ತಿನ ಎಲ್ಲ ಅಣ್ವಸ್ತ್ರಗಳೂ ಹೋಗಬೇಕು. ಹತ್ತೇ ವರ್ಷಕ್ಕೆ, 1998ರ ಮೇ 11 ಮತ್ತು 13ರಂದು, ನಾವೇ ಐದು ಪರೀಕ್ಷೆ ಮಾಡಿದೆವು. ನಡುವೆ 1996ರ ಸಿಟಿಬಿಟಿ ಇದೆ, ಅಂದರೆ ಎಲ್ಲ ಅಣುಪರೀಕ್ಷೆಗಳನ್ನೂ ನಿಷೇಧಿಸುವ ಒಪ್ಪಂದ. ಜಿನೀವಾದಲ್ಲಿ ಭಾರತದ ರಾಯಭಾರಿ ಅರುಂಧತಿ ಘೋಷ್ ಖಡಾಖಂಡಿತ ಬೇಡ ಎಂದರು. ದೊಡ್ಡವರು ಇಂತಿಷ್ಟು ವರ್ಷದೊಳಗೆ ಬಾಂಬು ಬಿಡುತ್ತೇವೆ ಅಂತ ಮಾತು ಕೊಡದೆ ನಮ್ಮ ಬಾಗಿಲು ಮಾತ್ರ ಮುಚ್ಚಬೇಕಾ ಅನ್ನುವುದು ವಾದ. ವಾದ ಹಸಿರು, ಫಲ ಕೆಂಪು. ಇಡೀ ಪಟ್ಟಿಯಲ್ಲಿ ನನಗೆ ಕಾಣುವುದೂ ಇದೇ: ಭಾರತ ಬೇಡ ಅಂದಾಗಲೆಲ್ಲ ನಿಶ್ಶಸ್ತ್ರೀಕರಣದ ಹೆಸರಿನಲ್ಲೇ ಅಂದಿದೆ. ಸುಳ್ಳು ಅನ್ನಲಾರೆ, ಆದರೆ ಅನುಕೂಲವೂ ಆಯಿತಲ್ವಾ?

ಅಣ್ವಸ್ತ್ರ ಯಾವಾಗ ಬಳಸುತ್ತೇವೆ ಅನ್ನುವ ಬಗ್ಗೆ ಭಾರತ ಸರ್ಕಾರದ 2003ರ ಜನವರಿ 4ರ ಹೇಳಿಕೆಯನ್ನು ಈ ವಾರ ಬರೆದೆ. ಮೊದಲು ನಾವು ಬಳಸುವುದಿಲ್ಲ. ನಮ್ಮ ಮೇಲೆ ಬಳಸಿದರೆ ಭಾರೀ ಪ್ರತಿದಾಳಿ. ಇದು ಎಲ್ಲರಿಗೂ ಗೊತ್ತು. ರಾಸಾಯನಿಕ ಅಥವಾ ಜೈವಿಕ ಅಸ್ತ್ರದಿಂದ ದೊಡ್ಡ ದಾಳಿಯಾದರೂ ಅಣ್ವಸ್ತ್ರದ ಆಯ್ಕೆ ಇಟ್ಟುಕೊಂಡಿದ್ದೇವೆ ಅನ್ನುವ ಸಾಲು ಹೆಚ್ಚಿನವರಿಗೆ ಗೊತ್ತಿಲ್ಲ, ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಇದು ನಾವೇ ಕೊಟ್ಟ ಮಾತು, ಒಪ್ಪಂದವಲ್ಲ. 2019ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಪೋಖರಣ್‌ನಲ್ಲೇ ನಿಂತು, ಮೊದಲು ಬಳಸುವುದಿಲ್ಲ ಅನ್ನುವ ಮಾತು ಮುಂದೆ ಏನಾಗುತ್ತದೋ ಅದು ಪರಿಸ್ಥಿತಿಯ ಮೇಲೆ ಎಂದರು. ಉಳಿದವಕ್ಕೆಲ್ಲ ಗೋಂದು, ಈ ಚೀಟಿಗೆ ಮಾತ್ರ ಗುಂಡುಸೂಜಿ.

ನನಗೆ ಇಷ್ಟವಾದದ್ದು ಕೆಳಗಿನ ಸಣ್ಣ ಸಾಲು. ಪರಸ್ಪರ ಅಣುಸ್ಥಾವರಗಳ ಮೇಲೆ ದಾಳಿ ಮಾಡಬಾರದು ಅಂತ ಭಾರತ, ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಒಪ್ಪಿದವು. 1992ರಿಂದ ಪ್ರತಿ ಜನವರಿ 1ಕ್ಕೆ ಸ್ಥಾವರಗಳ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತವೆ. ಕಾರ್ಗಿಲ್ ಯುದ್ಧವಾದ ಮೇಲೂ ಇದು ತಪ್ಪಲಿಲ್ಲ. ವರ್ಷಕ್ಕೊಂದು ಹಸಿರು ಚುಕ್ಕೆ ಇಟ್ಟಿದ್ದೇನೆ.

ಮುಂದಿನದು 2017ರಲ್ಲಿ ವಿಶ್ವಸಂಸ್ಥೆಯಲ್ಲಿ ಆದ ಅಣ್ವಸ್ತ್ರ ನಿಷೇಧ ಒಪ್ಪಂದ. 122 ದೇಶ ಪರವಾಗಿ ಮತ ಹಾಕಿದವು, ಭಾರತ ಮಾತುಕತೆಗೇ ಹೋಗಲಿಲ್ಲ. ಇಂಥ ಮಾತು ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲೇ ಆಗಬೇಕು ಅನ್ನುವುದು ನಮ್ಮ ನಿಲುವು. ಆ ಸಮ್ಮೇಳನದಲ್ಲಿ ಒಬ್ಬರು ಅಡ್ಡ ನಿಂತರೂ ಕೆಲಸ ನಿಲ್ಲುತ್ತದೆ. ಪ್ರಶ್ನೆ ಕೇಳಿದ ಹುಡುಗಿ ಈ ಚೀಟಿಗೆ ಪೂರ್ತಿ ಕೆಂಪು ಅನ್ನುತ್ತಿದ್ದಾಳೆ. ನಾನಿನ್ನೂ ಒಪ್ಪಿಲ್ಲ, ಭಾನುವಾರ ಕೂತು ಮಾತಾಡುತ್ತೇವೆ.