ಒಲೆಗೆ ಹೋಗುವ ಮುಂಚೆ ಸಿಕ್ಕ ಕಟ್ಟಿಗೆ

16 ಫೆಬ್ರುವರಿ 2025, ಭಾನುವಾರ
ಕೊಪ್ಪಳ

ಸಣ್ಣಪುಟ್ಟ ಮರಗೆಲಸ ಮಾಡೋ ನನ್ನಂಥವರಿಗೆ ನಮ್ಮೂರಲ್ಲಿ ಬಿಟ್ಟಿ ಕಟ್ಟಿಗೆ ಅನ್ನೋದು ಇಲ್ಲ. ಬೀದಿಯಲ್ಲಿ ಬಿದ್ದಿರುವ ತುಂಡು ಹಲಗೆಗೂ ಯಾವುದೋ ಒಲೆ ಕಾದಿರುತ್ತದೆ. ಬಚ್ಚಲ ಹಂಡೆಯ ಒಲೆ, ಮಿರ್ಚಿ ಕರಿಯೋರ ಒಲೆ, ಮದುವೆ ಅಡುಗೆಯವರ ಒಲೆ. ಯೂಟ್ಯೂಬಿನಲ್ಲಿ ಅಮೆರಿಕದವನೊಬ್ಬ ರಸ್ತೆ ಬದಿಯ ಪ್ಯಾಲೆಟ್ (ಸಾಮಾನು ಹೇರೋಕೆ ಹಲಗೆ ಬಡಿದು ಮಾಡಿದ ಅಟ್ಟಣೆ) ಎತ್ತಿ ಕಾರಿಗೆ ಹಾಕಿಕೊಂಡು ಹೋಗಿ ಟೀಪಾಯಿ ಮಾಡ್ತಾನೆ, ಅದನ್ನು ನೋಡಿ ನಾವೂ ಸುಮ್ನೆ ಊರು ಸುತ್ತಿದರೆ ಸಂಜೆಗೆ ಬರಿಗೈಲಿ ಮನೆಗೆ ಬರಬೇಕಾಗುತ್ತದೆ. ಕಟ್ಟಿಗೆ ಎಲ್ಲಿ ಬಿದ್ದಿದೆ ಅಂತ ಕೇಳಿದರೆ ಇಲ್ಲಿ ಯಾರೂ ಹೇಳಲ್ಲ. ಯಾರ ಮನೆ ಕೆಡವುತ್ತಿದ್ದಾರೆ, ಯಾವ ಅಂಗಡಿಗೆ ಯಾವತ್ತು ಲೋಡು ಬರುತ್ತದೆ ಅಂತ ಕೇಳಿ, ಎಲ್ಲರೂ ಹೇಳ್ತಾರೆ.

ಇವತ್ತು ಒಗ್ಗರಣೆ ಮಂಡಾಳು, ಚಹಾ ಮುಗಿಸಿ ಹಳೇ ಊರಿನ ಕಡೆ ಹೋದೆ. ಅಲ್ಲೊಂದು ಮಾಳಿಗೆ ಮನೆ ಬಿಚ್ಚುತ್ತಿದ್ದಾರೆ ಅಂತ ಚಹಾದಂಗಡಿಯಲ್ಲೇ ಸುದ್ದಿ ಸಿಕ್ಕಿತ್ತು. ನಮ್ಮ ಕಡೆ ಹಳೇ ಮನೆ ಅಂದರೆ ಗೊತ್ತಲ್ವಾ, ದಪ್ಪ ಗೋಡೆ, ಅಡ್ಡಕ್ಕೆ ತೊಲೆ, ತೊಲೆ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಸಣ್ಣ ಕಟ್ಟಿಗೆ ಹಾಸಿ ಸವಳು ಮಣ್ಣಿನ ಮೇಲ್ಮುದ್ದೆ. ತೊಲೆ, ಬಾಗಿಲು, ಚೌಕಟ್ಟು ಇವಕ್ಕೆ ಮನೆ ಕೆಡವುವ ಮೊದಲೇ ಹಳೇ ಕಟ್ಟಿಗೆ ವ್ಯಾಪಾರದವರು ಬಂದು ರೇಟು ಮಾಡಿ ಹೋಗಿರ್ತಾರೆ. ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ನಮಗೆ ಉಳಿಯೋದು ಮುರಿದ ಜಂತಿ, ಗೂಟ, ಗೋಡೆಯೊಳಗಿನ ಕಪಾಟಿನ ಹಲಗೆ. ಎರಡು ಮೂರು ಅಡಿ ಉದ್ದದ ಈ ತುಂಡುಗಳು ವ್ಯಾಪಾರದವರಿಗೆ ಬೇಡ. ಸಣ್ಣ ಮಣೆ, ಪುಸ್ತಕದ ಸ್ಟ್ಯಾಂಡು, ಪೆಟ್ಟಿಗೆ ಮಾಡೋರಿಗೆ ಇನ್ನೇನು ಬೇಕು?

ಮನೆಯ ಹಿರಿಯರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಕಾಕಾರ, ಈ ತುಂಡು ಏನ್ ಮಾಡ್ತೀರಿ?"

"ಏನ್ ಮಾಡೂದು, ನೀರ್ ಕಾಸೂದು."

"ನನಗ ಕೊಡ್ರಿ, ರೊಕ್ಕ ಕೊಡ್ತೀನಿ."

"ರೊಕ್ಕ ತಗೊಂಡು ಒಲಿಗೆ ಏನ್ ಹಾಕ್ಲಿ? ತೂಕಕ್ಕ ತೂಕ ಸೌದಿ ತಂದು ಹಾಕು, ಒಯ್ಯಿ."

ಅವರ ಮಾತು ನನಗೆ ಬಹಳ ಹಿಡಿಸಿತು. ಕಟ್ಟಿಗೆ ಅಡ್ಡೆಗೆ ಹೋಗಿ ಒಂದು ಚೀಲ ಜಾಲಿ ಸೌದೆ ತಂದು ಇಳಿಸಿದೆ, ಅಷ್ಟೇ ತೂಕದ ಜಂತಿ ತುಂಡು ಹೇರಿಕೊಂಡೆ. ಸೌದೆ ರೇಟಿಗೆ ಹಳೇ ಮನೆಯ ಕಟ್ಟಿಗೆ. ತೂಗಿದ್ದೂ ಬರೀ ಅಂದಾಜಿಗೆ, ಕಾಕಾನೇ ಕೈಯಲ್ಲಿ ಎತ್ತಿ ನೋಡಿ "ಆತ್ ಹೋಗು" ಅಂದರು. ರೊಕ್ಕ ಅಂದರೆ ಜನ ಯೋಚನೆ ಮಾಡ್ತಾರೆ, ಇದಕ್ಕೆ ಜಾಸ್ತಿ ಬೆಲೆ ಇದೆಯೇನೋ ಅಂತ ಅನುಮಾನ ಬರುತ್ತದೆ. ಸೌದೆಗೆ ಸೌದೆ ಅಂದರೆ ಆ ಪ್ರಶ್ನೆಯೇ ಇಲ್ಲ. ಇನ್ನು ಮೇಲೆ ನಾನು ಹೀಗೇ ಮಾಡೋದು.

ಮನೆಗೆ ಬಂದು ಒಂದು ತುಂಡು ಕೆಡವಿಕೊಂಡು ಕೂತೆ. ಮೇಲೆಲ್ಲ ಒಲೆ ಹೊಗೆಯ ಇಲ್ಲಣ ಕಟ್ಟಿ ಕರ್ರಗೆ ಇತ್ತು, ಒಂದು ಮಗ್ಗಲಿಗೆ ಒಣ ಮಣ್ಣು ಹಿಡಿದಿತ್ತು. ಕಟ್ಟಿಗೆ ತಂದ ಕೂಡಲೇ ರಂದಾ (ಕಟ್ಟಿಗೆ ಹೆರೆದು ನುಣ್ಣಗೆ ಮಾಡುವ ಸಾಧನ) ಹಿಡಿಯಬಾರದು. ಮೊದಲು ತಂತಿ ಬ್ರಷ್ಷಿನಿಂದ ಮಣ್ಣು ಉಜ್ಜಿ ತೆಗೆಯಬೇಕು, ಯಾಕಂದರೆ ಒಂದೇ ಒಂದು ಮರಳಿನ ಕಾಳು ಸಾಕು ಅಲಗಿನ ಬಾಯಿ ಹೋಗೋಕೆ. ಆಮೇಲೆ ಮೊಳೆ ನೋಡಬೇಕು. ಹಾಳಾದ ಸ್ಪೀಕರಿನೊಳಗಿನ ಆಯಸ್ಕಾಂತ ನನ್ನ ಹತ್ತಿರ ಇದೆ, ಅದಕ್ಕೆ ದಾರ ಕಟ್ಟಿ ಕಟ್ಟಿಗೆ ಮೇಲೆ ನಿಧಾನಕ್ಕೆ ಆಡಿಸುತ್ತೇನೆ, ಒಳಗೆ ಮೊಳೆ ಇದ್ದರೆ ಅದು ಪಟ್ ಅಂತ ವಾಲುತ್ತದೆ. ಇವತ್ತು ಸಿಕ್ಕಿದ್ದು ಕಮ್ಮಾರ ಬಡಿದ ಚೌಕ ಮೊಳೆ, ತಲೆ ತುಕ್ಕು ಹಿಡಿದು ಉದುರಿಹೋಗಿತ್ತು. ಇಂಥ ಮೊಳೆಯನ್ನು ಸೀದಾ ಎಳೆದರೆ ಮುರಿಯುತ್ತದೆ. ಮೊದಲು ಸುತ್ತಿಗೆಯಲ್ಲಿ ಒಂದು ಸಣ್ಣ ಏಟು ಹಾಕಿ ಒಳಗೇ ತಳ್ಳಿ, ತುಕ್ಕಿನ ಹಿಡಿತ ಬಿಡುತ್ತದೆ, ಆಮೇಲೆ ಇಕ್ಕಳದಲ್ಲಿ ತಿರುಚುತ್ತಾ ಎಳೆಯಿರಿ.

ಇಷ್ಟೆಲ್ಲ ಆದ ಮೇಲೆ ರಂದಾ ಹೊಡೆದೆ. ಮೊದಲ ಸಿಪ್ಪೆ ಕರಿ, ಎರಡನೇದು ಕಂದು, ಮೂರನೇದಕ್ಕೆ ಒಳಗಿನ ಕೆಂಪು ಬಣ್ಣ ಬಂತು, ಜೊತೆಗೆ ಬೇವಿನ ಘಾಟು. ಬೇವು ಅಂತ ನಾನು ಅಂದುಕೊಂಡೇ ಇರಲಿಲ್ಲ. ಎಳೆ ಸ್ವಲ್ಪ ಅಡ್ಡಾದಿಡ್ಡಿ, ಒಂದು ಕಡೆಯಿಂದ ರಂದಾ ಹೊಡೆದರೆ ನುಣ್ಣಗೆ ಬರುತ್ತದೆ, ಇನ್ನೊಂದು ಕಡೆಯಿಂದ ಹೊಡೆದರೆ ಕಿತ್ತು ಬರುತ್ತದೆ. ಎಷ್ಟೋ ಬೇಸಿಗೆ ಮಾಡಿನ ಕೆಳಗೆ ಒಣಗಿದ ಕಟ್ಟಿಗೆ, ಇನ್ನು ಡೊಂಕಾಗೋದು ಕಡಿಮೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಹೊಸ ಹಲಗೆ ನಮ್ಮ ಊರಿನ ಬಿಸಿಲಿಗೆ ಒಂದೇ ತಿಂಗಳಲ್ಲಿ ಹಪ್ಪಳದ ಹಾಗೆ ಸೊಟ್ಟಗಾಗೋದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಹಳೇ ಕಟ್ಟಿಗೆಯಲ್ಲಿ ಎರಡು ವಿಷಯಕ್ಕೆ ಮಾತ್ರ ನಾನು ಹೆದರುತ್ತೇನೆ. ಒಂದು ಕುಟ್ಟೆ, ಅಂದರೆ ಕಟ್ಟಿಗೆ ಕೊರೆದು ತಿನ್ನುವ ಹುಳ. ಸೂಜಿ ತೂತುಗಳು ಇದ್ದ ಮಾತ್ರಕ್ಕೆ ಬಿಸಾಡಬೇಕಿಲ್ಲ, ಹುಳ ಯಾವಾಗಲೋ ಬಿಟ್ಟು ಹೋಗಿರಬಹುದು. ಕರಿ ಬಟ್ಟೆ ಮೇಲೆ ತುಂಡು ಇಟ್ಟು ಎರಡು ದಿನ ಬಿಡಿ. ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಹುಳ ಒಳಗೇ ಇದೆ, ಅದನ್ನು ಉಳಿದ ಕಟ್ಟಿಗೆ ಜೊತೆ ಇಡಬೇಡಿ. ಅದು ತಿನ್ನೋದು ಸಾಮಾನ್ಯವಾಗಿ ಹೊರಗಿನ ಬಿಳಿ ಭಾಗ. ಚೇಗು, ಅಂದರೆ ಒಳಗಿನ ತಿರುಳು, ಗಟ್ಟಿ ಇದ್ದರೆ ಬಿಳಿ ಕೆತ್ತಿ ತೆಗೆದು ಚೇಗು ಇಟ್ಟುಕೊಳ್ಳಬಹುದು.

ಇನ್ನೊಂದು ಹಳೇ ಬಣ್ಣ. ಹಸಿರು, ನೀಲಿ, ಪದರದ ಮೇಲೆ ಪದರ ಬಳಿದ ಬಾಗಿಲು, ಕಿಟಕಿ ಸಿಕ್ಕರೆ ಖುಷಿಯಿಂದ ಮರಳು ಕಾಗದ ಹಿಡಿದು ಕೂರಬೇಡಿ. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು ಅಂತಲೇ ಲೆಕ್ಕ ಹಾಕಬೇಕು. ಒಣ ಉಜ್ಜಿದರೆ ಆ ಪುಡಿ ನಮ್ಮ ಶ್ವಾಸಕ್ಕೆ, ಆಡುವ ಮಕ್ಕಳ ಕೈಗೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮುಟ್ಟಲೇ ಬೇಡಿ ಅನ್ನೋದು ನನ್ನ ಅಭಿಪ್ರಾಯ. ಒಲೆಗೂ ಹಾಕಬೇಡಿ, ಸೀಸ ಹೊಗೆ ಬೂದಿಯಲ್ಲಿ ಬರುತ್ತದೆ.

ಪ್ಯಾಲೆಟ್ ಬಗ್ಗೆ ತುಂಬ ಜನ ಕೇಳ್ತಾರೆ. ಗಿಣಿಗೇರಿ ಕಡೆ ಫ್ಯಾಕ್ಟರಿಗಳಿವೆ, ಅಲ್ಲಿಂದ ಗುಜರಿಗೆ ಬರುತ್ತವೆ, ಗುಜರಿಯವರು ಕಬ್ಬಿಣಕ್ಕೆ ಕೊಡುವ ಮರ್ಯಾದೆ ಇದಕ್ಕೆ ಕೊಡಲ್ಲ. ಹೊರದೇಶದಿಂದ ಮಷೀನು ಹೊತ್ತು ಬಂದ ಪ್ಯಾಲೆಟ್ ಆದರೆ ಮಗ್ಗಲಿಗೆ ಒಂದು ಮುದ್ರೆ ಇರುತ್ತದೆ, ಗೋಧಿ ತೆನೆಯ ಚಿತ್ರ, ಪಕ್ಕದಲ್ಲಿ ದೇಶದ ಎರಡಕ್ಷರ, ಕೆಳಗೆ ಎಚ್‌ಟಿ ಅಥವಾ ಎಂಬಿ. ಎಚ್‌ಟಿ ಅಂದರೆ ಕಟ್ಟಿಗೆಯ ಒಳಗಿನವರೆಗೂ 56 ಡಿಗ್ರಿ ಬಿಸಿ ಮುಟ್ಟಿಸಿ 30 ನಿಮಿಷ ಇಟ್ಟಿದ್ದಾರೆ ಅಂತ. ಹುಳ ಸಾಯಲಿ ಅಂತ ಅಷ್ಟೇ, ಅದು ಒಳ್ಳೇದೇ. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷಾನಿಲ ಹಾಕಿದ್ದು, ಅದನ್ನು ಅಲ್ಲೇ ಬಿಟ್ಟು ಬನ್ನಿ. ಇನ್ನು ಎಣ್ಣೆ ಕಲೆ, ಔಷಧಿ ವಾಸನೆ ಇರುವ ಯಾವ ಪ್ಯಾಲೆಟ್ಟೂ ಬೇಡ, ಮುದ್ರೆ ಏನೇ ಹೇಳಲಿ. ಅಡುಗೆಮನೆ ಸಾಮಾನಿಗೆ ನಾನು ಪ್ಯಾಲೆಟ್ ಕಟ್ಟಿಗೆ ಹಾಕೋದೇ ಇಲ್ಲ. ಬಿಚ್ಚುವಾಗ ಹಾರೆ ಹಾಕಿ ಎಬ್ಬಿಸಿದರೆ ಹಲಗೆ ಸೀಳುತ್ತದೆ, ಯಾಕಂದರೆ ಇದಕ್ಕೆ ಹೊಡೆಯೋದು ಸಾಮಾನ್ಯವಾಗಿ ತಿರುಪಿನ ಗೆರೆ ಇರುವ ಮೊಳೆ. ಸಂದಿನಲ್ಲಿ ಹ್ಯಾಕ್ಸಾ ಬ್ಲೇಡು ತೂರಿಸಿ ಮೊಳೆಯನ್ನೇ ಕೊಯ್ಯಿರಿ.

ಕಾಂಕ್ರೀಟ್ ಹಾಕುವಾಗ ಆಧಾರಕ್ಕೆ ಬಡಿಯುವ ಸೆಂಟ್ರಿಂಗ್ ಹಲಗೆ ಅಗ್ಗಕ್ಕೆ ಸಿಗುತ್ತದೆ. ಸಿಮೆಂಟು ಕುಡಿದಿರುತ್ತದೆ, ಅಲಗು ಹಾಳು. ಅದರ ಸಹವಾಸ ಬೇಡ.

ನಮ್ಮ ಸೀಮೆಯ ನಿಜವಾದ ಬಿಟ್ಟಿ ಕಟ್ಟಿಗೆ ಅಂದರೆ ಬಳ್ಳಾರಿ ಜಾಲಿ. ಅಮೆರಿಕ ಖಂಡದ ಗಿಡ ಇದು, ಈಗ ಕೆರೆ ಅಂಗಳ, ಬೀಳು ಹೊಲ, ರಸ್ತೆ ಬದಿ ಎಲ್ಲ ಇದರದ್ದೇ. ರೈತರು ಬೈದುಕೊಂಡೇ ಕಡಿಸ್ತಾರೆ, ಇದ್ದಿಲು ಸುಡೋರಿಗೆ ಕೊಡ್ತಾರೆ. ಸಾಮಿಲ್‌ನವರು ಇದನ್ನು ಒಳಗೆ ಬಿಟ್ಟುಕೊಳ್ಳಲ್ಲ, ಕಾಂಡ ಗಿಡ್ಡ, ಸೊಟ್ಟ. ಆದರೆ ಒಂದು ಅಡಿ ಉದ್ದದ ತುಂಡು ಸಾಕು ಅನ್ನೋರಿಗೆ ಸೊಟ್ಟ ಇದ್ದರೆ ಏನು? ಒಳಗೆ ಚೇಗು ಕೆಂಪು ಕಂದು, ಗಟ್ಟಿ, ಒಣಗುವಾಗ ಕುಗ್ಗೋದೂ ಬಹಳ ಕಡಿಮೆ. ಉಳಿ ಹಿಡಿ, ಡಬ್ಬಿ ಮುಚ್ಚಳದ ಗುಂಡಿ, ಚಾಕು ಹಿಡಿ ಇಂಥದ್ದಕ್ಕೆ ಇದಕ್ಕಿಂತ ಒಳ್ಳೇದು ದುಡ್ಡು ಕೊಟ್ಟರೂ ಕಷ್ಟ. ಕುಷ್ಟಗಿ ಕಡೆಯ ಗೆಳೆಯನ ಹೊಲ ಸ್ವಚ್ಛ ಮಾಡಿಸುವಾಗ ತೊಡೆ ಗಾತ್ರದ ಬೊಡ್ಡೆಗಳನ್ನು ಆರಿಸಿ ತಂದಿದ್ದೆ. ಹಸಿ ಇರುವಾಗಲೇ ಎರಡು ತುದಿಗೂ ಫೆವಿಕಾಲ್ ದಪ್ಪಗೆ ಬಳಿದು ನೆರಳಲ್ಲಿ ಇಟ್ಟೆ. ತುದಿಯಿಂದ ನೀರು ಬೇಗ ಹೋದರೆ ಸೀಳು ಬಿಡುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗಂತೂ ಕೇಳೋದೇ ಬೇಡ. ಮುಳ್ಳಿನ ಬಗ್ಗೆ ಹುಷಾರು, ಬೈಕಿನ ಟೈರಿಗೂ ಬಿಡಲ್ಲ.

ಇಲ್ಲೇ ಪಕ್ಕದ ಕಿನ್ನಾಳಕ್ಕೆ ಹೋದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಅಲ್ಲಿ ಗೊಂಬೆ ಮಾಡುವ ಚಿತ್ರಗಾರರು ಕಟ್ಟಿಗೆ ಹೊಟ್ಟನ್ನೂ ಬಿಡಲ್ಲ, ಹುಣಸೆ ಬೀಜದ ಅಂಟು, ಸೆಣಬಿನ ಚಿಂದಿಯ ಪುಡಿ ಸೇರಿಸಿ ಕಲಸಿ ಗೊಂಬೆಯ ಮೈಗೆಲ್ಲ ಮೆತ್ತುತ್ತಾರೆ. ಅವರ ಅಂಗಳದಲ್ಲಿ ಬೇಡದ ಕಟ್ಟಿಗೆ ಹುಡುಕೋದು ದಂಡ. ಹುಣಸೆ ಬೀಜದ ಅಂಟನ್ನು ಮಾತ್ರ ನಾನೂ ಒಮ್ಮೆ ಮಾಡಿ ನೋಡಬೇಕು, ಮೊಳೆ ತೂತು ಮುಚ್ಚೋಕೆ ಆದೀತು.

ಈಗ ಹೊರಗೆ ಜಂತಿ ತುಂಡುಗಳನ್ನು ಜೋಡಿಸಿಟ್ಟಿದ್ದೇನೆ, ನಡುವೆ ಸಣ್ಣ ಪಟ್ಟಿ ಕೊಟ್ಟು, ಗಾಳಿ ಆಡೋ ಹಾಗೆ, ಕೆಳಗೆ ಇಟ್ಟಿಗೆ ಇಟ್ಟು, ಇಲ್ಲದಿದ್ದರೆ ಗೆದ್ದಲು ಬರುತ್ತದೆ. ಅವ್ವನಿಗೆ ಕೂರೋ ಮಣೆ ಬೇಕಂತೆ, ಅದಕ್ಕೆ ಇವತ್ತಿನ ಬೇವು ಸಾಕು. ಬರೋ ಬುಧವಾರ ಗಾಜಿನ ಅಂಗಡಿಗೆ ಲೋಡು ಬರುತ್ತದೆ. ಗಾಜಿನ ಹಾಳೆ ಬರುವ ಕಟ್ಟಿಗೆ ಚೌಕಟ್ಟುಗಳು ಉದ್ದವಾಗಿ, ನೆಟ್ಟಗೆ ಇರುತ್ತವೆ, ಅಂಗಡಿಯವರಿಗೆ ಅವು ಜಾಗ ತಿನ್ನುವ ತಲೆನೋವು. ಊಟದ ಹೊತ್ತಿಗೆ ಅಲ್ಲಿ ಇಳಿಸೋ ಹುಡುಗರು ಚಹಾಕ್ಕೆ ಕೂತಿರ್ತಾರೆ, ಅವರಿಗೆ ಚಹಾ ಮಿರ್ಚಿ ಕೊಡಿಸಿದರೆ ಚೌಕಟ್ಟನ್ನು ಒಡೆಯದೆ ಬಿಚ್ಚಿ ಕೊಡ್ತಾರೆ. ಆಫೀಸಿನಲ್ಲಿ ಒಂದು ತಾಸು ಪರ್ಮಿಷನ್ ಕೇಳಬೇಕು.