ಸ್ಟೀಲ್ ಪಾತ್ರೆಯ ಸುಳ್ಳು

ದೋಸೆ ಕಾವಲಿಯ ಬಿಸಿ ನೋಡೋಕೆ ತಂದ, ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಮೊನ್ನೆ ಸುಮ್ನೆ ನೀರು ಕುದಿಸಿದ ಸ್ಟೀಲ್ ಪಾತ್ರೆಯ ಹೊರಮೈಗೆ ಹಿಡಿದೆ. 41 ಡಿಗ್ರಿ! ನಮ್ಮ ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 97ಕ್ಕೆ. ‘ಮುಟ್ಟಿ ನೋಡು, ಗೊತ್ತಾಗುತ್ತೆ’ ಅಂದರು ಅಮ್ಮ.

ತಪ್ಪು ಯಂತ್ರದ್ದಲ್ಲ. ಎಲ್ಲ ಮೈಯೂ ಒಂದೇ ಥರ ಶಾಖ ಸೂಸುವುದಿಲ್ಲ. ಈ ಗುಣಕ್ಕೆ ಎಮಿಸಿವಿಟಿ ಅಂತಾರೆ. ಇದರ ಅಳತೆ 0ಯಿಂದ 1ರವರೆಗೆ, ಅಂಕಿ ಜಾಸ್ತಿಯಾದಷ್ಟೂ ಸೂಸುವುದು ಜಾಸ್ತಿ. ನನ್ನ ಯಂತ್ರ ಎಲ್ಲವನ್ನೂ 0.95 ಅಂದುಕೊಳ್ಳುತ್ತದೆ. ಎಣ್ಣೆ ಕುಡಿದು ಕಪ್ಪಾದ ಕಾವಲಿ ಅದರ ಹತ್ತಿರವೇ ಇರುತ್ತದೆ. ಹೊಳೆಯುವ ಸ್ಟೀಲ್ ಮಾತ್ರ 0.1, 0.2ರ ಆಸುಪಾಸು. ಅದು ಕನ್ನಡಿ ಇದ್ದ ಹಾಗೆ, ಯಂತ್ರಕ್ಕೆ ಕಂಡದ್ದು ಜಾಸ್ತಿ ಅಡುಗೆಮನೆ ಗೋಡೆಯ ಬಿಸಿಯೇ.

ಪಾತ್ರೆಗೆ ಎಲೆಕ್ಟ್ರಿಷಿಯನ್ನರ ಕಪ್ಪು ಟೇಪಿನ ತುಂಡು (ಅದೂ 0.95ರ ಹತ್ತಿರವೇ) ಅಂಟಿಸಿ, ಅರೆನಿಮಿಷ ಬಿಟ್ಟು ಅದಕ್ಕೇ ಗುರಿಯಿಟ್ಟೆ. 92! ಟೇಪಿನ ಅಂಟು ಇನ್ನೂ ಹೋಗಿಲ್ಲ. ಅಮ್ಮ ಬೈಯುತ್ತಲೇ ಇದ್ದಾರೆ.